ಬೂದಕ್ಕ ಸಾಕಿದ ಗೆಂಡೆಮೀನುಗಳು

ಒಂದು ಕಾಡಿನಲ್ಲಿ, ಹೊಳೆ ತಿರುಗುವ ಜಾಗದಲ್ಲಿ, ಯಾರೋ ಬಿಟ್ಟುಹೋದ ಹಳೆಯ ಬಂಗಲೆಯೊಂದಿತ್ತು. ಅದರ ಜಗಲಿಯಲ್ಲಿ ಬೂದಕ್ಕ ಎಂಬ ಕರಿಮೂತಿಯ ಹೆಣ್ಣು ಮುಸುವ ಕೋತಿ ಒಬ್ಬಳೇ ಕೂತಿರುತ್ತಿದ್ದಳು. ಆ ಬೇಸಿಗೆಯಲ್ಲಿ ಅವಳ ಚೊಚ್ಚಲ ಮರಿ ಸತ್ತಿತ್ತು. ಅದರ ಮೈ ಒಣಗಿ ಹಗುರಾಗುವ ತನಕ ಎದೆಗವಚಿಕೊಂಡೇ ತಿರುಗಿದ್ದಳು. ಕೊನೆಗೆ ಹಿಂಡಿನವರೇ ಬಿಡಿಸಿ ತೆಗೆದುಕೊಂಡರು. ಅಂದಿನಿಂದ ಅವಳಿಗೆ ಹಿಂಡೂ ಬೇಡ, ಚಿಗುರೂ ಬೇಡ.

ಮೊಂಡುಬಾಲದ ನರಿಯೊಂದು ಇದನ್ನು ನೋಡಿತು. ಅದಕ್ಕೆ ಮೀನೆಂದರೆ ಪ್ರಾಣ, ನೀರಿಗಿಳಿಯುವುದೆಂದರೆ ನಡುಕ.

"ಅಕ್ಕಾ, ಹೀಗೆ ಕೊರಗಿದರೆ ಹೇಗೆ?" ಎಂದಿತು. "ಒಳಗೆ ಗಾಜಿನ ತೊಟ್ಟಿ ಇದೆ ನೋಡು. ಮನುಷ್ಯರು ಅದರಲ್ಲಿ ಮೀನು ಸಾಕುತ್ತಿದ್ದರು. ಹೊಳೆಯ ಮಡುವಿನಿಂದ ಒಂದು ಗೆಂಡೆಮರಿ ತಂದು ಬಿಡು. ಮನೆಯಲ್ಲಿ ಮಗು ಓಡಾಡಿದ ಹಾಗಿರುತ್ತೆ."

"ನನಗೆ ಮೀನು ಸಾಕಿ ಗೊತ್ತಿಲ್ಲವಲ್ಲ ತಮ್ಮಾ."

"ನಾನಿಲ್ವಾ ಹೇಳಿಕೊಡೋಕೆ?"

ಬೂದಕ್ಕ ಬಂಗಲೆಯಲ್ಲಿ ಸಿಕ್ಕ ಚೊಂಬಿನಲ್ಲಿ ನೀರು ಹೊತ್ತು ತೊಟ್ಟಿ ತುಂಬಿಸಿದಳು. ಮಡುವಿನ ಮೇಲೆ ಬಾಗಿದ ಅತ್ತಿಯ ಕೊಂಬೆ ಅಲುಗಿಸಿದರೆ ಸಾಕು, ಹಣ್ಣಿಗೆಂದು ಗೆಂಡೆಗಳು ಮೇಲೇಳುತ್ತಿದ್ದವು. ಒಂದು ಮರಿಯನ್ನು ಚೊಂಬಿನಲ್ಲಿ ಹಿಡಿದು ತಂದಳು. ಬಿಸಿಲಿಗೆ ಅದರ ಹುರುಪೆ ಮಿನುಗಿತು. ಎಷ್ಟೋ ದಿನಗಳ ಮೇಲೆ ಬೂದಕ್ಕನ ಮುಖದಲ್ಲಿ ನಗು ಕಂಡಿತು.

ಸ್ವಲ್ಪ ಹೊತ್ತಿಗೆ ಮೀನು ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚತೊಡಗಿತು.

"ಏನು ಕೇಳ್ತಿದೆ ಅದು?"

"ಅಮ್ಮಾ ಅಂತಿದೆ ಅಕ್ಕಾ! ಹಸಿದಿದೆ. ಹಾಕು, ಹಾಕು!"

ಬೂದಕ್ಕ ಅತ್ತಿಹಣ್ಣು ಹಿಸುಕಿ ಹಾಕಿದಳು. ಮೀನು ಮತ್ತೆ ಬಾಯಿ ತೆರೆಯಿತು, ಅವಳು ಮತ್ತೆ ಹಾಕಿದಳು. ತಿನ್ನದೆ ಉಳಿದದ್ದು ತಳದಲ್ಲಿ ಕೊಳೆಯಿತು. ನೀರು ಗಂಜಿಯ ಬಣ್ಣಕ್ಕೆ ತಿರುಗಿತು. "ಹೊಸ ನೀರು ಹಾಕಲೇ?" ಎಂದು ಕೇಳಿದರೆ, "ಬೇಡಪ್ಪ ಬೇಡ, ಮರಿಗೆ ಶೀತವಾಗುತ್ತೆ" ಎಂದಿತು ನರಿ. ಒಂದು ಬೆಳಿಗ್ಗೆ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು.

ಬೂದಕ್ಕ ಗೋಳಾಡಿದಳು. ನರಿಯೂ ಜೊತೆಗೆ ಅತ್ತಿತು.

"ಒಂಟಿಯಾಗಿತ್ತಲ್ಲ, ಕೊರಗಿ ಹೋಯಿತು. ಈ ಸಲ ಹೆಚ್ಚು ಮರಿ ತಾ. ಇದನ್ನು ನನ್ನ ಕೈಗೆ ಕೊಡು. ಸಾಕಿದ ತಾಯಿ ಮಣ್ಣು ಮಾಡಬಾರದು."

ಅವಳು ಇನ್ನಷ್ಟು ತಂದಳು. ಅವುಗಳಿಗೆ ಜೋಗುಳ ಹಾಡಿದಳು, ಗಾಜಿಗೆ ಕೆನ್ನೆಯಿಟ್ಟು ಮಲಗಿದಳು. ಒತ್ತೊತ್ತಾಗಿ ತುಂಬಿದ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದವು. ಎಲ್ಲವೂ ಅಮ್ಮಾ ಎನ್ನುತ್ತಿವೆ ಎಂದುಕೊಂಡು ಎಲ್ಲಕ್ಕೂ ಹಾಕಿದಳು. ಒಂದರ ಹಿಂದೆ ಒಂದು ಸತ್ತವು. ಅಳುತ್ತಲೇ ಮತ್ತೆ ಮಡುವಿಗೆ ಹೋದಳು. ನರಿಯ ಮೈ ತುಂಬಿಕೊಂಡಿತು. ಅತ್ತು ಅತ್ತು ಕಣ್ಣು ಮಂಜಾದ ಬೂದಕ್ಕನಿಗೆ ಅದು ಕಾಣಲೇ ಇಲ್ಲ.

ಮಳೆಗಾಲ ಬರುವ ಹೊತ್ತಿಗೆ ಕೊಂಬೆ ಎಷ್ಟು ಅಲುಗಿಸಿದರೂ ಮಡುವಿನಲ್ಲಿ ಒಂದು ಮೀನೂ ಏಳಲಿಲ್ಲ. ತೊಟ್ಟಿಯಲ್ಲಿ ಉಳಿದದ್ದು ಮರಿಗಳ ಜೊತೆ ಹಿಡಿದು ತಂದಿದ್ದ ಒಂದೇ ಒಂದು ದೊಡ್ಡ ಗೆಂಡೆ. ಅದೂ ಬಾಯಿ ತೆರೆದು ಮುಚ್ಚುತ್ತಿತ್ತು. ಬೂದಕ್ಕ ಹಣ್ಣು ಹಾಕಿದಳು. ಅದು ಮೂಸಲೂ ಇಲ್ಲ. ಹಸಿವಿದ್ದರೆ ತಿನ್ನಬೇಕಲ್ಲ? ಅವಳು ಮೊದಲ ಬಾರಿಗೆ ಬಗ್ಗಿ ನೀರಿಗೆ ಕಿವಿಯಿಟ್ಟಳು.

"ಉಸಿರು..." ಎಂದಿತು ಗೆಂಡೆ. "ಉಸಿರಿಗೆ ಬಾಯಿ ಬಿಡ್ತಿದ್ದೇನೆ ತಾಯೀ. ನೀನು ಹಾಕಿದ್ದು ಕೊಳೆತು ಈ ನೀರೇ ವಿಷವಾಗಿದೆ. ನನ್ನ ಮಕ್ಕಳೂ ಇದನ್ನೇ ಕೂಗಿ ಹೇಳಿದವು."

"ಎಲ್ಲವೂ?"

"ಎಲ್ಲವೂ."

ಬೂದಕ್ಕ ಅದನ್ನು ಚೊಂಬಿನಲ್ಲಿಟ್ಟುಕೊಂಡು ಹೊಳೆಗೆ ಓಡಿದಳು. ಹರಿಯುವ ನೀರಿನಲ್ಲಿ ಅಂಗೈ ಮೇಲೆ ಹಿಡಿದು, "ಈಜು, ಈಜು ನನ್ನವ್ವ" ಎಂದಳು. ಗೆಂಡೆಯ ಕಿವಿರು ಒಮ್ಮೆ ಅರಳಿತು. ಆಮೇಲೆ ಅದು ಮಗ್ಗುಲಾಗಿ ನೀರಿನೊಡನೆ ದಡದ ಕಡೆ ತೇಲಿತು.

ಹಿಂದೆ ನರಿ ಬಂದು ನಿಂತಿತ್ತು. "ಅಯ್ಯೋ, ಇದೂ ಹೋಯ್ತಾ? ಕೊಡು ಅಕ್ಕಾ, ಮಣ್ಣು ಮಾಡ್ತೀನಿ."

"ಉಳಿದವನ್ನು ಎಲ್ಲಿ ಮಣ್ಣು ಮಾಡಿದೆ? ತೋರಿಸು."

ಮಡುವಿನಲ್ಲಿ ಮೀನು ಮುಗಿದಿದೆ, ಇನ್ನು ಈ ನಾಟಕವೇಕೆ ಎಂದುಕೊಂಡಿತು ನರಿ. ಹಲ್ಲು ಕಿರಿದು, "ಹೊಟ್ಟೆಯೂ ಒಂದು ಮಣ್ಣೇ ಅಲ್ವಾ ಅಕ್ಕಾ?" ಎಂದಿತು.

ಬೂದಕ್ಕ ಕಾಲೆಳೆಯುತ್ತಾ ಅತ್ತಿಮರ ಹತ್ತಿದಳು. ಮೇಲಿನಿಂದ ನೋಡಿದರೆ ದಡದ ಜೊಂಡಿನಲ್ಲಿ ಚಿರತೆ ಹೊಂಚು ಹಾಕಿತ್ತು. ಚಿರತೆ ಕಂಡೊಡನೆ ಖಕ್ ಖಕ್ ಎಂದು ಕೂಗಿ ಕಾಡಿಗೆಲ್ಲ ಎಚ್ಚರಿಕೆ ಕೊಡುವುದು ಮುಸುವಗಳ ಧರ್ಮ. ಆ ಕೂಗು ಬೂದಕ್ಕನ ಗಂಟಲಿನ ತನಕ ಬಂತು, ಹೊರಗೆ ಬರಲಿಲ್ಲ. ಕೆಳಗೆ ಕೊಬ್ಬಿದ ನರಿ ಸತ್ತ ಗೆಂಡೆಗೆ ಬಾಯಿ ಹಾಕಿತು. ಚಿರತೆ ಒಂದೇ ನೆಗೆತಕ್ಕೆ ನರಿಯ ಕುತ್ತಿಗೆಗೆ ಬಾಯಿ ಹಾಕಿತು.

ಮರುದಿನ ಹಿಂಡಿನ ಹಿರಿಯಜ್ಜಿ ಅವಳನ್ನು ಹುಡುಕಿಕೊಂಡು ಬಂದಳು.

"ಆ ಮೋಸಗಾರನಿಗೆ ತಕ್ಕ ಶಾಸ್ತಿಯಾಯ್ತಂತೆ. ಇನ್ನಾದರೂ ಬಾ ಮಗಳೇ, ಅಳಬೇಡ."

ಬೂದಕ್ಕ ಅಳುತ್ತಿರಲಿಲ್ಲ. ತನ್ನ ಎರಡೂ ಕೈಗಳನ್ನು ನೋಡುತ್ತಾ ಕೂತಿದ್ದಳು.

"ನರಿ ಸುಳ್ಳು ಹೇಳಿತು ಅಷ್ಟೇ ಅಜ್ಜೀ," ಎಂದಳು. "ಹಿಡಿದು ತಂದ ಕೈ ನನ್ನದೇ."

ನೀತಿ: ಒಂದು ಜೀವವನ್ನು ಸಾಕುವ ಮೊದಲು ಅದಕ್ಕೇನು ಬೇಕೆಂದು ತಿಳಿಯಬೇಕು. ತಿಳಿಯದ ಪ್ರೀತಿ ವಂಚಕನ ಕೈಗೆ ಸಿಕ್ಕರೆ ಕೊಲ್ಲುತ್ತದೆ. ವಂಚಕನಿಗೆ ಶಿಕ್ಷೆಯಾದರೂ ಹೋದ ಜೀವ ಮರಳಿ ಬಾರದು.