ಕೆರೆಗೆ ಕಲ್ಲು ಹೊದಿಸಿದ ಕೆಂಚೇಗೌಡ

ದೀಪದ ಮುಂದೆ ಕೂತವರೇ, ಈ ಕಥೆ ಸುಳ್ಳು ಅನ್ನುವ ಧೈರ್ಯ ಯಾರಿಗಾದರೂ ಇದ್ದರೆ ಈಗಲೇ ಅನ್ನಲಿ, ಅಂದು ಎದ್ದು ಹೋಗಲಿ. ಅಕ್ಷತೆ ಹಿಡಿದು ಕಡೆತನಕ ಕೂತವರು ಮಾತ್ರ ಕೆರೆ ಕಾಯುವ ದೇವಿ ದಡದಮ್ಮನ ಮಹಿಮೆ ತಿಳಿದಾರು. ಇದನ್ನು ನಮ್ಮೂರಿನವರ ಹಾಗೆ ಹೇಳಬಲ್ಲವರು ಸುತ್ತಮುತ್ತ ಇಲ್ಲ. ಅದನ್ನೂ ನೀವೇ ಒಪ್ಪುತ್ತೀರಿ.

ಒಂದಾನೊಂದು ಊರಿನಲ್ಲಿ ಕೆಂಚೇಗೌಡನೆಂಬ ಹರೆಯದ ಗೌಡನಿದ್ದ. ತೋಳಿನಲ್ಲಿ ಬಲ, ಕಣಜದಲ್ಲಿ ರಾಗಿ, ಇವೆರಡಕ್ಕಿಂತ ಹೆಚ್ಚಾಗಿ ಬಾಯಲ್ಲಿ ಬಡಾಯಿ. ಮುಂಗಾರಿಗೆ ಮುಂಚಿನ ಅಮಾವಾಸ್ಯೆಯಂದು ಆ ಮನೆಯವರು ಕೆರೆಯ ಮಣ್ಣಿನಲ್ಲಿ ದಡದಮ್ಮನನ್ನು ಮಾಡಿ, ದೀಪ ಹಚ್ಚುವ ಮುನ್ನ ಕೆರೆಯನ್ನು ನಂಬಿದವರ ಹತ್ತಿರವೆಲ್ಲ ಹೋಗಿ, ನಿಮಗೇನು ಬೇಕೆಂದು ಕೇಳಿ, ಅವರು ಹೇಳಿ ಮುಗಿಸುವತನಕ ಬಾಯಿ ತೆರೆಯದೆ ಕೂರುವುದು ನೇಮ. ಅತ್ತೆ ತೀರಿಕೊಂಡ ಮೇಲೆ ಗೌಡನ ಹೆಂಡತಿ ಸಣ್ಣತಾಯಿ ಆ ನೇಮ ಹಿಡಿಯಲು ಹೊರಟಾಗ ಗೌಡ ನಕ್ಕ. "ಕೆರೆ ಕಟ್ಟಿಸಿದ್ದು ನಮ್ಮ ತಾತ. ಅದಕ್ಕೇನು ಬೇಕು ಅಂತ ಕುಂಬಾರಗಿತ್ತಿಯನ್ನ ಕೇಳೋದೇನು? ಹಂಗೇ ಎಮ್ಮೆಯನ್ನೂ ಕೇಳ್ಕೊಂಡು ಬಾ ಹೋಗು," ಅಂದ. ಅಂದವನು ಸುಮ್ಮನಿರದೆ, ಕಲ್ಲುಕುಟಿಗರನ್ನು ಕರೆಸಿ, ಕೆರೆಯ ಸುತ್ತಲೂ ಮೆಟ್ಟಿಲುಮೆಟ್ಟಿಲಾಗಿ ನುಣ್ಣನೆಯ ಕಲ್ಲು ಹೊದಿಸಿ, ಇಂಥ ಕೆರೆ ದೇವಲೋಕದಲ್ಲೂ ಇಲ್ಲವೆಂದು ಮೀಸೆ ತಿರುವಿದ.

ಹೀಗಿರಲಾಗಿ, ಮಣ್ಣು ಸಿಗದೆ ಕುಂಬಾರರು ಊರು ಬಿಟ್ಟರು, ಕಾಲು ಜಾರಿದ ಎಮ್ಮೆಗಳು ನೀರಿಗಿಳಿಯದೆ ಹೋದವು, ಜೊಂಡು ಅಳಿದು ಹಕ್ಕಿಗಳು ಹಾರಿಹೋದವು, ನೀರು ಹಸಿರುಗಟ್ಟಿ ನಾರಿತು. ಆ ನೀರು ಕುಡಿದು ಜ್ವರ ಬಿದ್ದ ಸಣ್ಣತಾಯಿ, ಎದ್ದವಳೇ, ಕೆರೆ ತಿಳಿಯಾಗುವತನಕ ಈ ಹೊಸಿಲು ತುಳಿಯೆನೆಂದು ತವರಿಗೆ ಹೋದಳು. ಗೌಡ ಕರೆಯಲು ಹೋದರೆ ಬಾಗಿಲಿಗೂ ಬರಲಿಲ್ಲ.

ಒಂಟಿ ಮನೆಯಲ್ಲಿ ಇರಲಾರದೆ ಅವನು ಕೆರೆಯ ಮೆಟ್ಟಿಲ ಮೇಲೆ ಕೂತಿರಲು, ದಡದಮ್ಮ ಸೊಪ್ಪು ಮಾರುವ ಮುದುಕಿಯ ರೂಪದಲ್ಲಿ ಬಂದು ಪಕ್ಕದಲ್ಲೇ ಬುಟ್ಟಿ ಇಳಿಸಿದಳು. ಗೌಡ ತಾನು ಕೆರೆಗೆ ಮಾಡಿದ್ದನ್ನೆಲ್ಲ ಕೊಚ್ಚಿಕೊಂಡ. ಮುದುಕಿ ಎಲ್ಲ ಕೇಳಿಸಿಕೊಂಡು, "ಮಗಾ, ಅಗೋ ಆ ಆಮೆ ಏನು ಮಾಡ್ತೈತೆ?" ಅಂದಳು. ಗೌಡ ನೋಡಿದ. ಆಮೆ ಮೆಟ್ಟಿಲು ಹತ್ತಲು ಹೋಗುವುದು, ಜಾರಿ ನೀರಿಗೆ ಬೀಳುವುದು, ಮತ್ತೆ ಹತ್ತುವುದು. ಹುಟ್ಟಿದಾಗಿನಿಂದ ಆ ಕೆರೆಯಲ್ಲಿ ಈಜಿದವನಿಗೆ ಅದು ಎಲ್ಲಿಗೆ ಹೊರಟಿದೆಯೆಂದು ಗೊತ್ತಿರಲಿಲ್ಲ. ಯಾಕಜ್ಜಿ ಎಂದು ತಿರುಗಿದರೆ ಬುಟ್ಟಿಯೂ ಇಲ್ಲ, ಮುದುಕಿಯೂ ಇಲ್ಲ.

ಆ ಪ್ರಶ್ನೆ ಅವನನ್ನು ಬಿಡಲಿಲ್ಲ. ಆಮೆಯನ್ನು ಎತ್ತಿ ಮೇಲೆ ಬಿಟ್ಟು ಹಿಂದೆಯೇ ಹೋದ. ಅದು ಮೆತ್ತನೆಯ ಮಣ್ಣು ಹುಡುಕಿ, ಗುಂಡಿ ತೋಡಿ, ಮೊಟ್ಟೆಯಿಟ್ಟಿತು. ಇದೊಂದು ಗೊತ್ತಾಗಿದ್ದೇ ತಡ, ಇನ್ನೊಂದು ಗೊತ್ತಾಗಬೇಕೆನ್ನಿಸಿತು. ಎಮ್ಮೆಯ ಹಿಂದೆ ಅಲೆದ, ಕೊಕ್ಕರೆಯ ಹಿಂದೆ ಅಲೆದ, ಬೇರೂರಿಗೆ ಹೋಗಿ ಕುಂಬಾರಗಿತ್ತಿ ಚೆನ್ನಬಸವಿಯ ಅಂಗಳದಲ್ಲಿ ಕೂತ. ಅವಳು, "ಗೌಡ್ರೇ, ಕಲ್ಲಲ್ಲಿ ಮಡಕೆ ಮಾಡೋದು ಕಲಿಸಿಕೊಡಿ, ನಾಳೆನೇ ಬತ್ತೀನಿ," ಎಂದು ಹಂಗಿಸಿದಳು. ಅವನು ಬಾಯಿ ತೆರೆಯದೆ ಕೂತ. ಅಗಸರು ಮಾತ್ರ, ನಮ್ಮ ಕಡೆಯ ಕಲ್ಲು ಕೀಳಬೇಡಿ, ಬಟ್ಟೆ ಒಗೆಯಲು ಬಲು ಅನುಕೂಲ ಎಂದರು. ಅದೂ ಅವನಿಗೆ ಸೋಜಿಗವೇ ಆಯಿತು. ಹಾಗೆ ಅಗಸರ ಕಡೆ ಕಲ್ಲು ಉಳಿಸಿ, ಕುಂಬಾರರಿಗೆ ಜೇಡಿಮಣ್ಣಿನ ದಡ ಬಿಟ್ಟು, ಎಮ್ಮೆಗೆ ಇಳಿಜಾರು ಮಾಡಿ, ಆಮೆಯ ಮೊಟ್ಟೆಯನ್ನು ಎಮ್ಮೆ ತುಳಿಯದಂತೆ ನಡುವೆ ಜೊಂಡು ನೆಟ್ಟು, ಮಿಕ್ಕ ಕಲ್ಲನ್ನೆಲ್ಲ ತಾನೇ ಕಿತ್ತು, ಹೊತ್ತು ಆಚೆ ಹಾಕಿದ. ಇಷ್ಟು ಕಲ್ಲು ಹೊರುವ ಗಂಡು ಇನ್ನೊಬ್ಬನಿಲ್ಲವೆಂದು ಆಗಲೂ ಹೇಳಿಕೊಂಡ. ಅದು ನಿಜವೂ ಆಗಿತ್ತು.

ಮಳೆ ಬಂತು, ನೀರು ತಿಳಿಯಾಯಿತು, ಕುಂಬಾರರು ಬಂದರು, ಹಕ್ಕಿಗಳು ಬಂದವು. ಮರುವರ್ಷದ ಅಮಾವಾಸ್ಯೆಗೆ ಗೌಡ ಎಲ್ಲರನ್ನೂ ಕೇಳಿ ಬಂದು ದೀಪಕ್ಕೆ ಬತ್ತಿ ಹಾಕುತ್ತಿರಲು, ಚೆನ್ನಬಸವಿ ಅವನೆದುರು ಕೂತು, "ಗೌಡ್ರೇ, ನಿಮಗೇನು ಬೇಕು?" ಅಂದಳು. ಹಾಗೆ ಅವನನ್ನು ಯಾರೂ ಕೇಳಿರಲಿಲ್ಲ. ಅವನು ಹಾಕಿದ ಬತ್ತಿಯನ್ನೇ ತೆಗೆದು ಮತ್ತೆ ಹೊಸೆದ. ಅವಳು ಕಾದಳು.

"ಸಣ್ಣತಾಯಿ ಬರಬೇಕು," ಅಂದ.

ಚೆನ್ನಬಸವಿ ಹೊಸ ಮಡಕೆಯಲ್ಲಿ ಕೆರೆಯ ನೀರು ತುಂಬಿಕೊಂಡು ಸಣ್ಣತಾಯಿಯ ತವರಿಗೆ ಹೊರಟಳು.

ಈ ಕಥೆ ಓದಿದವರಿಗೆ, ಕೇಳಿದವರಿಗೆ, ಅರ್ಧ ಕೇಳಿ ತೂಕಡಿಸಿದವರಿಗೂ, ದಡದಮ್ಮ ಕೆಂಚೇಗೌಡನಿಗೆ ಕೊಟ್ಟಿದ್ದನ್ನೇ ಕೊಡಲಿ. ಅವನಿಗೆ ಕೊಟ್ಟಿದ್ದು ಇಷ್ಟು: ಸಣ್ಣತಾಯಿ ಆ ನೀರು ಕುಡಿದಳು, ಮನೆಗೆ ಬಂದಳು.