ಒಂಟಿಕೋಡಿನ ಮಣ್ಣೆತ್ತು

“ಅಜ್ಜಾರ, ಹುಡುಗ್ರಿಗೆ ಕೈಕೆಲಸ ಕಲಿಸಿ ಕಲಿಸಿ ಸಾಕಾತ್ರಿ,” ಅಂದ ಶಿಷ್ಯ ಚನಮಲ್ಲ. “ಕಾಗದದ ಹೂವು ಮಾಡ್ರೋ ಅಂದ್ರ ಹಾಗಲಕಾಯಿ ಮಾಡ್ತಾವ. ಕಡೀಕ ಎಲ್ಲಾ ನಾನ ತಿದ್ದಬೇಕು. ಎಷ್ಟ ತಿದ್ದಿದ್ರೂ ಕಲಿಯಂಗಿಲ್ಲ. ಯಾಕ್ರಿ?”

ಅಜ್ಜಾರು ಬಾಯಾಗಿನ ಎಲಿಅಡಿಕಿ ಉಗುಳಿ ಬಂದು ಕುಂತರು. ಕತಿ ಹೇಳಿದರು.

ಒಬ್ಬ ಮುದುಕ ಕುಂಬಾರ ಇದ್ದ. ತನ್ನಂಗ ಎತ್ತು ಮಾಡಾವ ಸುತ್ತ ಹಳ್ಳ್ಯಾಗ ಹುಟ್ಟಿಲ್ಲ, ಹುಟ್ಟಂಗೂ ಇಲ್ಲ ಅಂತಿದ್ದ. ಮಣ್ಣೆತ್ತಿನ ಅಮಾಸಿ ಹತ್ರ ಬಂತು. ಮನಿಮನಿಯಾಗ ಮಣ್ಣಿನ ಜೋಡೆತ್ತು ಮಾಡಿ ಜಗಲಿ ಮ್ಯಾಲಿಟ್ಟು ಪೂಜಿ ಮಾಡೋ ಹಬ್ಬ ಅದು. ಈ ಸಲ ಮಾರೂದು ಬಿಟ್ಟು ಓಣಿ ಹುಡುಗ್ರಿಗೆ ಕಲಿಸ್ತೀನಿ ಅಂತ ಕುಂಬಾರ ಊರ ತುಂಬ ಹೇಳಿಕೊಂಡು ಬಂದ. ತನ್ನ ವಿದ್ಯಾ ತನ್ನ ಜೋಡಿ ಮಣ್ಣಾಗಬಾರದು ಅಂತ ಒಳಗೊಳಗ ಹೊಯ್ದಾಟ ಇತ್ತು ಅವಗ.

ಹುಡುಗ್ರು ಬಂದ್ವು. ಒಂದರ ಎತ್ತು ಹಂದಿ ಆತು. ಇನ್ನೊಂದರದು ಕಾಲು ಮಡಚಿ ಮಕಾಡೆ ಬಿತ್ತು. ಕುಂಬಾರನ ತಲಿ ಕೆಟ್ಟು ಹೋತು.

“ಇದೇನ ಎತ್ತೋ, ಬದನಿಕಾಯೋ? ತಾ ಇಲ್ಲಿ.”

ಒಬ್ಬೊಬ್ಬರ ಕೈಯಾಗಿಂದ ಕಸಗೊಂಡು ತಾನ ತಿದ್ದಿದ. ನೀಲವ್ವ ಅನ್ನೋ ಸಣ್ಣ ಹುಡುಗಿ ಒಂದ ಎತ್ತಿಗೆ ಒಂದ ಕೋಡು ಇಟ್ಟಿದ್ಲು. ಆಕಿ ಬಾಯಿ ತೆಗಿಯೂದರಾಗ ಇನ್ನೊಂದ ಕೋಡು ಹಚ್ಚಿ, ಬೆನ್ನು ಸವರಿ, ಮದುಮಗನಂಗ ಮಾಡಿ ಕೊಟ್ಟ.

ಹಬ್ಬದ ಹಿಂದಿನ ದಿನ ನೀಲವ್ವ ಆ ಎತ್ತು ವಾಪಸ್ ತಂದು ಕಟ್ಟಿ ಮ್ಯಾಲ ಇಟ್ಲು.

“ಯಾಕ, ನನ್ನ ಎತ್ತಿಗೆ ಏನ್ ಧಾಡಿ?”

“ನಿನ್ನ ಎತ್ತು ಛಲೋ ಐತಿ ಮುತ್ಯಾ. ನಮ್ಮ ಮನಿ ಎತ್ತಿಗೆ ಒಂದ ಕೋಡು ಇತ್ತು. ಹೋದ ವಾರ ಸತ್ತೈತಿ. ಅದಕ್ಕ ಹೋಳಿಗಿ ಇಡೂದೈತಿ, ಇದಕ್ಕಲ್ಲ.”

ಅಷ್ಟು ಹೇಳಿ ಹೊಂಟು ಹೋದ್ಲು.

ಹಬ್ಬದ ಮುಂಜಾನೆ ಒಂದು ಹುಡುಗೂ ಅವನ ಅಂಗಳಕ್ಕ ಬರಲಿಲ್ಲ. ಕುಂಬಾರ ಬೈಕೋಂತ ಹುಡುಕಿಕೊಂಡು ಹೋದ. ಎಲ್ಲಾ ಹಳ್ಳದ ದಂಡಿಗೆ ಕುಂತು ಕೆಸರಾಗ ಎತ್ತು ಮಾಡಾಕ ಹತ್ತಿದ್ವು. ಡೊಂಕ ಬೆನ್ನು, ಗಿಡ್ಡ ಕಾಲು, ಒಂದರಂಗ ಒಂದಿಲ್ಲ. ಆದ್ರ ಯಾವೂ ಬೀಳಲಿಲ್ಲ. ತಡಿಲಾರದ ಕುಂಬಾರ ಬಗ್ಗಿ ಕೈ ಚಾಚಿದ.

“ಮುತ್ಯಾ, ಕೈ ಹಚ್ಚಬ್ಯಾಡ,” ಅಂದ್ಲು ನೀಲವ್ವ, ತಲಿ ಎತ್ತದನ.

ಅಜ್ಜಾರು ಅಷ್ಟಕ್ಕ ನಿಲ್ಲಿಸಿದರು.

“ಆಮ್ಯಾಲರ ಆ ಹುಡುಗ್ರು ಕುಂಬಾರನ ಕಡೆ ಹೋದ್ವೇನ್ರಿ?” ಅಂತ ಕೇಳಿದ ಚನಮಲ್ಲ.

“ಹೋಗಲಿಲ್ಲ. ಅದಕ್ಕ ಕಲತ್ವು.”