ಹೂ ಕಟ್ಟುವ ಮಣೆ

ಶಿಷ್ಯನೊಬ್ಬ ಗುರುಗಳ ಮುಂದೆ ಕುಳಿತು ಕೇಳಿದ: “ಗುರುಗಳೇ, ಮೊಬೈಲಿನಲ್ಲಿ ದಿನಕ್ಕೊಂದು ಸೋಜಿಗ ಬರುತ್ತದೆ. ಒಬ್ಬ ಅಕ್ಕಿಕಾಳಿನ ಮೇಲೆ ಇಡೀ ಊರು ಬರೆಯುತ್ತಾನೆ. ಇನ್ನೊಬ್ಬ ತಾನಾಗಿ ನಡೆದು ಬರುವ ಕುರ್ಚಿ ಮಾಡುತ್ತಾನೆ. ಯಾವುದು ನಿಜ, ಯಾವುದು ಕಣ್ಕಟ್ಟು, ನನಗೆ ತಿಳಿಯುವುದಿಲ್ಲ. ಮೋಸ ಹೋಗದೆ ನೋಡುವುದು ಹೇಗೆ?”

ಗುರುಗಳು ಹೇಳಿದರು: “ಮೋಸ ಹೋಗದೆ ನೋಡುವುದರಲ್ಲಿ ಪಳಗಿದವನೊಬ್ಬನಿದ್ದ. ಅವನ ಕತೆ ಕೇಳು.”

ಒಂದು ಪೇಟೆಯಲ್ಲಿ ಒಬ್ಬ ಹೂವಿನ ವ್ಯಾಪಾರಿ ಇದ್ದ. ಬೆಳಗಾಗುತ್ತಲೇ ತೋಟಗಳಿಂದ ಹೂವಿನ ಬುಟ್ಟಿಗಳು ಬರುತ್ತಿದ್ದವು. ಮೇಲೆ ಆಗತಾನೇ ಬಿಡಿಸಿದ ಮೊಗ್ಗು, ಕೆಳಗೆ ನಿನ್ನೆಯ ತಂಗಳು ಹೂ. ಅದು ಆ ಪೇಟೆಯ ಹಳೆಯ ವಿದ್ಯೆ. ಮಾರಲು ಬಂದವನು “ಮೇಲಿನ ಹೂ ನೋಡಣ್ಣ, ಮುತ್ತಿದ್ದಂಗದೆ” ಎಂದರೆ ಸಾಕು, ವ್ಯಾಪಾರಿಯ ಕೈ ಮೊಣಕೈವರೆಗೆ ಬುಟ್ಟಿಯ ತಳಕ್ಕೆ ಇಳಿಯುತ್ತಿತ್ತು. ಮೇಲಿನ ಹೂವನ್ನು ಅವನು ನೋಡುತ್ತಲೇ ಇರಲಿಲ್ಲ. ಯಾವುದನ್ನು ನೋಡು ಎನ್ನುತ್ತಾರೋ ಅದನ್ನು ಬಿಟ್ಟು ಉಳಿದದ್ದನ್ನು ನೋಡಬೇಕು ಎಂಬುದು ಅವನು ಕಲಿತ ಪಾಠ.

ಇದನ್ನು ತಪ್ಪು ಎನ್ನುವ ಹಾಗಿಲ್ಲ. ಕಣ್ಣು ಮುಚ್ಚಿಕೊಂಡು ಕೊಂಡವನು ಮನೆಗೆ ಬಂದು ಬಾಯಿ ಬಡಿದುಕೊಳ್ಳುತ್ತಾನೆ. ಆದರೆ ಬುಟ್ಟಿಯಲ್ಲಿ ಕಲಿತದ್ದು ಬುಟ್ಟಿಯಲ್ಲೇ ಉಳಿಯಲಿಲ್ಲ. ನೆಂಟರು ಹಣ್ಣು ತಂದರೆ ಏಕೆ ತಂದರು ಎಂದು ಯೋಚಿಸುತ್ತಿದ್ದ. ನಕ್ಕು ಮಾತಾಡಿಸಿದರೆ ಏಕೆ ನಕ್ಕರು ಎಂದು ಯೋಚಿಸುತ್ತಿದ್ದ. ಮೊಸರಿನಲ್ಲಿ ಕಲ್ಲು ಹುಡುಕುವವನು ಎಂದು ಪೇಟೆಯವರು ಅವನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ತಮ್ಮ ಮೊಸರಿನಲ್ಲಿ ಕಲ್ಲು ಸಿಕ್ಕ ದಿನ ಮಾತ್ರ ಅವನ ಅಂಗಡಿಗೇ ಓಡಿ ಬರುತ್ತಿದ್ದರು.

ಅವನ ಅಂಗಡಿಗೆ ಹೆಸರು ಬಂದದ್ದು ಅವನಿಂದಲ್ಲ, ಅವನ ಹೆಂಡತಿಯ ಬೆರಳಿನಿಂದ. ಅವಳು ಬಾಳೆನಾರು ಹಿಡಿದು ಕುಳಿತರೆ ಮಲ್ಲಿಗೆ ತಾನಾಗಿ ಸಾಲುಗಟ್ಟುತ್ತಿತ್ತು. ಒತ್ತಾಗಿ ಕಟ್ಟಿದ ಹೂ ಮುಡಿಯಲ್ಲಿ ಸಂಜೆಯವರೆಗೂ ಜಾರುತ್ತಿರಲಿಲ್ಲ. ಮದುವೆ ಮನೆಯವರು ಎರಡು ಬೀದಿ ದಾಟಿಕೊಂಡು ಅವಳ ಮಾಲೆಗಾಗಿಯೇ ಬರುತ್ತಿದ್ದರು. ಹೀಗಿರುವಾಗ ಒಂದು ದಿನ ಅವಳಿಗೆ ಲಕ್ವ ಹೊಡೆಯಿತು. ಔಷಧಿಯಿಂದ ಮಾತು ಮರಳಿತು. ಕಾಲು ಮನೆಯಿಂದ ಅಂಗಡಿಗೆ ನಡೆಯುವಷ್ಟು ಮರಳಿತು. ಎಡಗೈ ಮಾತ್ರ ಮರಳಲಿಲ್ಲ.

ಹೂ ಕಟ್ಟಲು ಎರಡು ಕೈ ಬೇಕು. ಒಂದು ಹೂವನ್ನು ಹಿಡಿಯಬೇಕು, ಇನ್ನೊಂದು ನಾರನ್ನು ಸುತ್ತಬೇಕು. ವ್ಯಾಪಾರಿ ಪಕ್ಕದ ಬೀದಿಯ ಹೆಂಗಸೊಬ್ಬಳನ್ನು ಕೂಲಿಗೆ ಗೊತ್ತುಮಾಡಿದ. ವ್ಯಾಪಾರ ನಡೆಯಿತು. ಹೆಂಡತಿ ಅಂಗಡಿಯ ಮೂಲೆಯಲ್ಲಿ ಕುಳಿತು ಹೂ ಆರಿಸಿ ಕೊಡುತ್ತಿದ್ದಳು. ಕೂಲಿಯವಳು ಕಟ್ಟುವುದನ್ನು ಅವಳು ನೋಡುತ್ತಿರಲಿಲ್ಲ, ಗೋಡೆಯನ್ನು ನೋಡುತ್ತಿದ್ದಳು. ಸಾರಿಗೆ ಉಪ್ಪು ಸಾಲದಿದ್ದರೂ ಕೇಳುತ್ತಿರಲಿಲ್ಲ. ಹಬ್ಬಕ್ಕೆ ಸೀರೆ ಬೇಕೇ ಎಂದರೆ, ತಂದರೆ ತನ್ನಿ ಎನ್ನುತ್ತಿದ್ದಳು. ವ್ಯಾಪಾರಿಗೆ ಇದರಿಂದ ಬಲು ನೋವಾಗುತ್ತಿತ್ತು. ಬೇಡುವುದನ್ನು ಬಿಟ್ಟ ಮನುಷ್ಯರನ್ನು ಸುಖವಾಗಿಡುವುದು ಕಷ್ಟ.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಕ್ಕಪಕ್ಕದ ಅಂಗಡಿಯವರು ಅವನ ಅಂಗಡಿಯಲ್ಲಿ ಸೇರುತ್ತಿದ್ದರು. ಯಾರದಾದರೂ ಮೊಬೈಲಿನಲ್ಲಿ ಏನಾದರೊಂದು ತಮಾಷೆ ಬಂದಿರುತ್ತಿತ್ತು. ಮೀಸೆಯನ್ನು ಬಣ್ಣದಲ್ಲಿ ಅದ್ದಿ ಚಿತ್ರ ಬರೆಯುವವನು, ಬಾಲದಿಂದ ಬೀಸಣಿಗೆ ಬೀಸುವ ಮರದ ಹಸು, ನಡೆದಲ್ಲೆಲ್ಲ ಹುಲಿಯ ಹೆಜ್ಜೆ ಮೂಡಿಸುವ ಚಪ್ಪಲಿ. ನಿಜವೋ ಸುಳ್ಳೋ ಹೇಳಲು ವ್ಯಾಪಾರಿಯೇ ಆಗಬೇಕು. ಅವನು ಚಪ್ಪಲಿಯನ್ನು ನೋಡುತ್ತಿರಲಿಲ್ಲ, ಹಿಂದಿನ ನೆರಳನ್ನು ನೋಡುತ್ತಿದ್ದ. “ಇಲ್ಲಿ ಕತ್ತರಿಸಿ ಅಂಟಿಸವ್ರೆ. ಇಲ್ಲಿ ದಾರ ಎಳೀತಾವ್ನೆ” ಎನ್ನುತ್ತಿದ್ದ. ಬಹಳ ಸಲ ಅವನ ಮಾತು ಸರಿಯಾಗಿರುತ್ತಿತ್ತು. ಜೊತೆಯವರು ಭೇಷ್ ಎನ್ನುತ್ತಿದ್ದರು. ಹಸುವಿನ ಬೀಸಣಿಗೆ ಎಷ್ಟು ಚೆಂದ ಎಂದು ಯಾರೂ ಹೇಳಿಕೊಳ್ಳುತ್ತಿರಲಿಲ್ಲ. ಹೇಳಿದರೆ ದಡ್ಡರಾಗುವ ಭಯ.

ಒಂದು ಮಧ್ಯಾಹ್ನ ಒಂಟಿ ಕೈಯ ಮುದುಕನೊಬ್ಬನ ವಿಡಿಯೋ ಬಂದಿತು. ಅವನ ಮನೆಯ ಮುಂದೆ ಹೋಗುತ್ತಿದ್ದ ಯಾರೋ ತೆಗೆದು ನಗೆಯ ಸಂಗೀತ ಸೇರಿಸಿ ಹಾಕಿದ್ದರು. ಮುದುಕ ಈಳಿಗೆಮಣೆಯಂಥ ಒಂದು ಮಣೆಯ ಮೇಲೆ ಕುಳಿತಿದ್ದ. ಈಳಿಗೆ ಇರುವ ಕಡೆ ಕೊಕ್ಕರೆಯ ಕೊಕ್ಕಿನಂಥ ಮರದ ಇಕ್ಕಳವಿತ್ತು. ಅದರ ಬಾಯಿಗೆ ಹೂವಿನ ತೊಟ್ಟು ಕೊಟ್ಟು, ಇದ್ದ ಒಂದೇ ಕೈಯಿಂದ ನಾರು ಬೀಸಿ ಮಾಲೆ ಕಟ್ಟುತ್ತಿದ್ದ. ಅಂಗಡಿಯಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೂಲೆಯಿಂದ ಹೆಂಡತಿ ಹೇಳಿದಳು: “ಇನ್ನೊಂದ್ಸಲ ಹಾಕಿ.”

ಮತ್ತೆ ಹಾಕಿದರು. ಅವಳು ಮೊಬೈಲನ್ನು ತನ್ನ ಕೈಗೇ ತೆಗೆದುಕೊಂಡು ಮತ್ತೆ ಮತ್ತೆ ನೋಡಿದಳು. ಗಂಟು ಬೀಳುವ ಗಳಿಗೆಯಲ್ಲಿ ಮುದುಕನ ಹೆಬ್ಬೆರಳು ಅಡ್ಡ ಬರುತ್ತಿತ್ತು. ನಾರು ಎಲ್ಲಿಂದ ಹೋಗಿ ಎಲ್ಲಿ ಬರುತ್ತದೆ ಎಂಬುದು ಅವಳಿಗೆ ತಿಳಿಯಲಿಲ್ಲ. ಎಲ್ಲರೂ ಹೋದ ಮೇಲೆ ಅವಳು ಗಂಡನಿಗೆ ಹೇಳಿದಳು: “ನನ್ ಕಾಲಿಗೆ ಬಸ್ ಹತ್ತೋಕಾಗಲ್ಲ. ನೀವೊಂದ್ಸಲ ಹೋಗಿ ನೋಡ್ಕೊಂಡ್ ಬನ್ನಿ.”

“ಇನ್ನೊಂದ್ ಕೈ ಅಂಗಿಯೊಳಗೆ ಬಚ್ಚಿಟ್ಕೊಂಡಿರ್ತಾನೆ ಕಣೆ. ಇವೆಲ್ಲ ಜನರನ್ನ ಮರುಳು ಮಾಡೋ ಆಟ.”

“ಇದ್ರೆ ಇರ್ಲಿ. ನೋಡ್ಕೊಂಡ್ ಬನ್ನಿ.”

ಕಾಯಿಲೆಯಾದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅವಳ ಕಣ್ಣಿನಲ್ಲಿ ಆಸೆ ಕಾಣಿಸಿತ್ತು, ಅದೇ ವ್ಯಾಪಾರಿಗೆ ಭಯ. ಇದು ಸುಳ್ಳಾದರೆ ಈ ಸಲ ಅವಳು ಏಳುವುದಿಲ್ಲ ಎಂದು ಅವನಿಗೆ ಅನ್ನಿಸಿತು. ಹಾಗಾಗಿ ಬೇರೆ ಯಾವ ಬುಟ್ಟಿಗೂ ಹಾಕದಷ್ಟು ಆಳಕ್ಕೆ ಈ ಬುಟ್ಟಿಗೆ ಕೈ ಹಾಕಬೇಕು ಎಂದು ನಿಶ್ಚಯಿಸಿದ. ಅವನ ಸಂಶಯಕ್ಕೆ ಪ್ರೀತಿಯೇ ಕಾರಣವಾಗಿತ್ತು; ಅದನ್ನು ಮರೆಯಬೇಡ.

ವಿಚಾರಿಸಿ ವಿಚಾರಿಸಿ ಮುದುಕನ ಊರು ಗೊತ್ತಾಯಿತು. ವ್ಯಾಪಾರಿ ತನ್ನದೇ ಅಂಗಡಿಯ ಮಲ್ಲಿಗೆಯನ್ನೂ ತನ್ನದೇ ಬಾಳೆನಾರನ್ನೂ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದ. ಮೊದಲೇ ಕಟ್ಟಿಟ್ಟ ಮಾಲೆಯನ್ನು ತೋರಿಸಿ ತನ್ನನ್ನು ಏಮಾರಿಸಬಾರದು ಎಂದು ಈ ಏರ್ಪಾಡು. ದಾರಿಯುದ್ದಕ್ಕೂ ಒಂದೇ ಯೋಚನೆ. ಕಾಸಿಲ್ಲದೆ ಕಸರತ್ತು ತೋರಿಸುವವರು ಯಾರಿದ್ದಾರೆ? ಇದರಲ್ಲಿ ಮುದುಕನಿಗೆ ಏನು ಲಾಭ?

ಆ ಊರಿನಲ್ಲಿ ಇಳಿದು ಚಹಾದಂಗಡಿಯವನನ್ನು ಕೇಳಿದ. “ಆಲೆಮನೆಯ ಗಾಣಕ್ಕೆ ಕೈ ಕೊಟ್ಟ ಮನುಷ್ಯ, ಪಾಪ. ಯಾರು ಹೋದ್ರೂ ಕೂರಿಸ್ಕೊಂಡು ಕಲಿಸ್ತಾನೆ” ಎಂದು ಅಂಗಡಿಯವನು ಹೇಳಿದ. ಇಷ್ಟು ಚೆನ್ನಾಗಿ ಹೇಳುತ್ತಾನೆಂದರೆ ಇವನಿಗೂ ಪಾಲು ಇರಬೇಕು ಎಂದುಕೊಂಡ ವ್ಯಾಪಾರಿ. ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದ.

ಮುದುಕ ಜಗಲಿಯ ಮೇಲೆಯೇ ಇದ್ದ. ಬಂದವನಿಗೆ ಮಜ್ಜಿಗೆ ಕೊಟ್ಟ. ಯಾರಿಗಾಗಿ ಬಂದಿರಿ ಎಂದು ಕೇಳಿ, ಹೆಂಡತಿಯ ಸಂಗತಿ ತಿಳಿದುಕೊಂಡ. ಆಮೇಲೆ ಮಣೆಯನ್ನು ಎಳೆದುಕೊಂಡು ಕುಳಿತ. ವ್ಯಾಪಾರಿ ತನ್ನ ಹೂವನ್ನೂ ನಾರನ್ನೂ ಮುಂದಿಟ್ಟ. ಮುದುಕ ಬೇಸರಿಸಲಿಲ್ಲ, ಅದರಲ್ಲೇ ಕಟ್ಟತೊಡಗಿದ.

“ಕೈ ನೋಡಿ ಯಜಮಾನ್ರೇ” ಎಂದ ಮುದುಕ. “ಮಣೇಲಿ ಏನೂ ಇಲ್ಲ, ಅದು ಬರೀ ಮರ. ಎಲ್ಲಾ ಇರೋದು ಈ ಮಣಿಕಟ್ಟು ತಿರುಗೋದ್ರಲ್ಲಿ.”

ಕೈ ನೋಡು ಎಂದ ಕೂಡಲೇ ವ್ಯಾಪಾರಿಯ ಕಣ್ಣು ಕೈಯನ್ನು ಬಿಟ್ಟಿತು. ಅಷ್ಟು ವರ್ಷ ಪೇಟೆಯಲ್ಲಿ ಅನ್ನ ತಿಂದವನು, ನೋಡು ಎಂದದ್ದನ್ನು ನೋಡುತ್ತಾನೆಯೇ? ಅವನು ಅಂಗಿಯ ಖಾಲಿ ತೋಳನ್ನು ನೋಡಿದ. ಅದು ನಿಜವಾಗಿಯೂ ಖಾಲಿಯಾಗಿತ್ತು. ಬಗ್ಗಿ ಮಣೆಯ ಅಡಿಯನ್ನು ನೋಡಿದ. ತಂತಿಯಿಲ್ಲ, ಚಕ್ರವಿಲ್ಲ. ಬಾಗಿಲ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ಇಣುಕಿದ. ಒಂದು ಬೆಕ್ಕು ಮಲಗಿತ್ತು. ಆ ಹೊತ್ತಿಗೆ ಮಾಲೆ ಒಂದು ಗೇಣು ಬೆಳೆದಿತ್ತು.

ಮುದುಕ ಅದನ್ನು ಬಿಚ್ಚಿ ಮತ್ತೆ ಕಟ್ಟಿದ. ಈ ಸಲ ನಿಧಾನವಾಗಿ ಕಟ್ಟಿದ. “ಇಲ್ಲಿ ನೋಡಿ, ಹೆಬ್ಬೆರಳ ಕೆಳಗೆ” ಎಂದ. ಹೆಬ್ಬೆರಳ ಕೆಳಗೆ ಎನ್ನುವಾಗ ಮುದುಕನ ಮುಖ ಹೇಗಿರುತ್ತದೆ ಎಂದು ವ್ಯಾಪಾರಿ ಮುಖವನ್ನೇ ನೋಡಿದ. ಸುಳ್ಳು ಹೇಳುವವರ ಮುಖ ಅವನಿಗೆ ಗೊತ್ತಿತ್ತು. ಆ ಮುಖ ಹಾಗಿರಲಿಲ್ಲ. ಮುದುಕ ಇನ್ನೂ ಒಮ್ಮೆ ಕಟ್ಟಿದ. ವ್ಯಾಪಾರಿ ಕಟ್ಟಿದ ಹೂವನ್ನು ಮೂಸಿ ನೋಡಿ, ಅದು ತನ್ನ ಅಂಗಡಿಯ ಮಲ್ಲಿಗೆಯೇ ಎಂದು ಖಚಿತ ಮಾಡಿಕೊಂಡ. ಕೊನೆಗೆ ಹುಡುಕಲು ಏನೂ ಉಳಿಯಲಿಲ್ಲ.

“ತಿಳೀತಾ ಯಜಮಾನ್ರೇ?”

“ತಿಳೀತು” ಎಂದ ವ್ಯಾಪಾರಿ. ಇದು ನಿಜ, ಪೂರ್ತಿ ನಿಜ. ಬದುಕಿನಲ್ಲಿ ಮೊದಲ ಸಲ ಬುಟ್ಟಿಯ ತಳದಲ್ಲೂ ಮೇಲಿನ ಹೂವೇ ಸಿಕ್ಕಿತ್ತು. ಅವನು ಮುದುಕನ ಕಾಲು ಮುಟ್ಟಿ ನಮಸ್ಕರಿಸಿದ. ಮುದುಕ ತನ್ನಲ್ಲಿದ್ದ ಇನ್ನೊಂದು ಮಣೆಯನ್ನು ಅವನಿಗೆ ಕೊಟ್ಟ. “ನಾನು ತೋರಿಸಿದ ಹಾಗೆ ಆಯಮ್ಮನಿಗೆ ತೋರಿಸಿ. ಕೂತ್ ಕಡೆಯೇ ಕಲೀತಾರೆ” ಎಂದ.

ವ್ಯಾಪಾರಿ ಮಣೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದ. ಪಕ್ಕದಲ್ಲಿ ಕುಳಿತವರು ಏನಿದು ಎಂದರೆ ಸಂಶಯಪಡದೆ ವಿವರಿಸಿದ. ಅಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ. ಆ ದಿನ ಅವನು ಮಾವನ ಮನೆಯವರು ಕೊಟ್ಟ ಬೆಳ್ಳಿಲೋಟವನ್ನು ಉಗುರಿನಲ್ಲಿ ಕೆರೆದು ನೋಡುತ್ತಿದ್ದ.

ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ಬಾಳೆನಾರನ್ನು ಹಲ್ಲಿನಲ್ಲಿ ಕಚ್ಚಿ ಸೀಳಿ ನೀರಿನಲ್ಲಿ ನೆನೆಸಿದ್ದಳು. ಪಕ್ಕದಲ್ಲಿ ಒಂದು ಮೊರ ಮಲ್ಲಿಗೆ ಇತ್ತು. ತಲೆ ಬಾಚಿಕೊಂಡಿದ್ದಳು.

“ಮೋಸ ಇಲ್ಲ ಕಣೆ” ಎಂದ ವ್ಯಾಪಾರಿ. “ನಿಜವಾಗ್ಲೂ ಒಂದೇ ಕೈ. ನಮ್ಮ ಹೂವಲ್ಲೇ ಕಟ್ಟಿಸಿ ನೋಡ್ದೆ.”

ಅವಳು ಮಣೆಯ ಮೇಲೆ ಕುಳಿತಳು. ಕೊಕ್ಕಿನ ಬಾಯಿಗೆ ಜೋಡಿ ಮಲ್ಲಿಗೆ ಕೊಟ್ಟಳು. ನಾರಿನ ತುದಿಯನ್ನು ಬೆರಳಿಗೆ ತೆಗೆದುಕೊಂಡು ಮುಖವೆತ್ತಿ ಕೇಳಿದಳು: “ನಾರು ಯಾವ್ ಕಡೆಯಿಂದ ಬರ್ಬೇಕು?”

ವ್ಯಾಪಾರಿ ಅವಳನ್ನು ಎಬ್ಬಿಸಿ ತಾನೇ ಕುಳಿತ. ಕೈಯನ್ನು ಹೀಗೆ ತಿರುಗಿಸಿದ, ಹಾಗೆ ತಿರುಗಿಸಿದ. ಮಲ್ಲಿಗೆ ಜಾರಿ ನೆಲಕ್ಕೆ ಬಿತ್ತು. ಮತ್ತೆ ಇಟ್ಟ, ಮತ್ತೆ ಬಿತ್ತು. ಮುದುಕ ಮಣಿಕಟ್ಟು ಎಂದಿದ್ದ, ಹೆಬ್ಬೆರಳು ಎಂದಿದ್ದ. ಅದಕ್ಕಿಂತ ಹೆಚ್ಚಿಗೆ ಒಂದೂ ಅವನ ಬಳಿ ಇರಲಿಲ್ಲ. ಖಾಲಿ ತೋಳಿಗೆ ಹಾಕಿದ್ದ ಹೊಲಿಗೆ ನೆನಪಿತ್ತು. ಮಲಗಿದ್ದ ಬೆಕ್ಕಿನ ಬಣ್ಣ ನೆನಪಿತ್ತು.

“ಅವರು ಒಂದೇ ಸಲ ಕಟ್ಟಿ ತೋರಿಸಿದ್ರಾ?” ಎಂದಳು ಹೆಂಡತಿ.

“ಇಲ್ಲ. ಬಿಚ್ಚಿ ಬಿಚ್ಚಿ ತೋರಿಸಿದ್ರು.”

“ಆಗ ನೀವು ಏನ್ ನೋಡ್ತಿದ್ರಿ?”

ಅವನು ಸುಳ್ಳು ಹೇಳುವವನಲ್ಲ. ಎಲ್ಲವನ್ನೂ ಹೇಳಿದ. ಅಂಗಿಯ ತೋಳು, ಮಣೆಯ ಅಡಿ, ಬಾಗಿಲ ಸಂದು, ಮುದುಕನ ಮುಖ. ಅವಳು ಪೂರ್ತಿ ಕೇಳಿಸಿಕೊಂಡಳು. ಬೈಯಲಿಲ್ಲ, ಅಳಲಿಲ್ಲ. ನೆಲಕ್ಕೆ ಬಿದ್ದ ಮಲ್ಲಿಗೆಯನ್ನು ಒಂದೇ ಕೈಯಿಂದ ಆಯ್ದು ಮೊರಕ್ಕೆ ಹಾಕಿ, ಮೊರವನ್ನು ಅವನ ಕಡೆಗೆ ಸರಿಸಿದಳು. “ಹೂ ಬಾಡ್ತವೆ. ಕೂಲಿಯವಳನ್ನ ಕರೆದು ಕಟ್ಟೋಕೆ ಕೊಡಿ” ಎಂದಳು. ಆಮೇಲೆ ಗೋಡೆಯ ಕಡೆಗೆ ತಿರುಗಿ ಕುಳಿತಳು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. ವ್ಯಾಪಾರಿಯ ಮೇಲೆ ಅವನಿಗೆ ಸಿಟ್ಟೂ ಬಂದಿತ್ತು, ಕನಿಕರವೂ ಹುಟ್ಟಿತ್ತು.

“ಅದಕ್ಕೇನಂತೆ ಗುರುಗಳೇ” ಎಂದ ಶಿಷ್ಯ. “ಮುದುಕ ಎಲ್ಲಿಗೂ ಓಡಿಹೋಗಿರಲಿಲ್ಲ. ಮರುದಿನವೇ ಹೋಗಿ ಕಲಿತು ಬರಬಹುದಿತ್ತಲ್ಲ?”

ಗುರುಗಳು ಹೇಳಿದರು: “ಮರುದಿನವೇ ಹೋದ, ಚೆನ್ನಾಗಿ ಕಲಿತೂ ಬಂದ, ಆದರೆ ಅಷ್ಟರಲ್ಲಿ ಅವಳು ಮತ್ತೆ ಬೇಡುವುದನ್ನೇ ಬಿಟ್ಟಿದ್ದಳು.”